ಎತ್ತುವ ಮುನ್ನ ಒಮ್ಮೆ ಕೇಳಿ: ಗಾಲಿಕುರ್ಚಿಗೆ ಕೈ ಕೊಡುವ ದಾವಣಗೆರೆಯ ಜನರಿಗೆ ಬಹಿರಂಗ ಪತ್ರ

ದಾವಣಗೆರೆಯ ಮಹಾಜನರಿಗೆ, ಅಂಗಡಿ ಮಾಲೀಕರಿಗೆ, ಮನೆ ಕಟ್ಟಿಸುತ್ತಿರುವವರಿಗೆ ಮತ್ತು ಕಳೆದ ಶ್ರಾವಣದ ಒಂದು ಸಂಜೆ ಹಳೇ ಪಿ.ಬಿ. ರಸ್ತೆಯ ಬದಿಯಲ್ಲಿ ಚಹಾದ ಲೋಟ ಕೆಳಗಿಟ್ಟು ನಮ್ಮ ನೆರವಿಗೆ ಓಡಿ ಬಂದ ಇಬ್ಬರು ತರುಣರಿಗೆ,

ನಮಸ್ಕಾರಗಳು.

ನಾನು ಈ ಊರಿನ ದಲ್ಲಾಳಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವಳು. ನನ್ನ ತಂದೆ ಇಲ್ಲಿನ ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿ ದುಡಿದವರು. ಎಂಟು ವರ್ಷಗಳ ಹಿಂದೆ ಮನೆಯ ಮೇಲಿನ ನೀರಿನ ಟ್ಯಾಂಕಿನ ವಾಲ್ವ್ ಸರಿಪಡಿಸಲು ಏಣಿ ಹತ್ತಿದ್ದಾಗ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಅವರಿಗೆ ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶದ ಅರಿವೂ ಇಲ್ಲ. ಮನೆಯೊಳಗೆ ಕುರ್ಚಿಯನ್ನು ತಾವೇ ನಡೆಸಿಕೊಳ್ಳುತ್ತಾರೆ. ಬೀದಿಗೆ ಇಳಿದ ಮೇಲೆ, ವಯಸ್ಸಿನಿಂದ ಸೋತ ಅವರ ಭುಜಗಳಿಗೆ ಅದು ಆಗದ ಕೆಲಸವಾದ್ದರಿಂದ, ಹಿಂದೆ ನಿಂತು ತಳ್ಳುವವಳು ನಾನು. ಈ ಎಂಟು ವರ್ಷಗಳಲ್ಲಿ ನಮ್ಮನ್ನು ನೋಡಿಯೂ ನೋಡದಂತೆ ಹೋದವರಿಗಿಂತ ತಾವಾಗಿ ಓಡಿ ಬಂದು ಕೈ ಹಾಕಿದವರೇ ಹೆಚ್ಚು. ಹಾಗೆ ಬಂದವರಿಗೆ ಕುರ್ಚಿಯನ್ನು ಎಲ್ಲಿ ಹಿಡಿಯಬೇಕು, ಯಾವಾಗ ಎತ್ತಬೇಕು, ಯಾವಾಗ ಎತ್ತಬಾರದು ಎಂಬುದನ್ನು ಯಾರೂ ಹೇಳಿಕೊಟ್ಟಿಲ್ಲ. ಮೊದಲ ವರ್ಷ ನನಗೂ ತಿಳಿದಿರಲಿಲ್ಲ. ಅದನ್ನು ನಿಮ್ಮೆಲ್ಲರಿಗೂ ತಿಳಿಸಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಆ ಸಂಜೆ ನಡೆದದ್ದು ಇಷ್ಟು. ಸಣ್ಣ ಮಳೆ ಬಂದು ನಿಂತಿತ್ತು. ರಸ್ತೆ ದಾಟಿ ಆಚೆಯ ಫುಟ್‌ಪಾತಿನ ಅಂಚಿಗೆ ಕುರ್ಚಿಯನ್ನು ತಂದು ನಿಲ್ಲಿಸಿ, ಅದನ್ನು ಹಿಂದಕ್ಕೆ ಓರೆ ಮಾಡಲು ಮೆಟ್ಟುವ ಜಾಗವನ್ನು ನಾನು ಕಾಲಿನಿಂದ ಹುಡುಕುತ್ತಿದ್ದೆ. ಅಷ್ಟರಲ್ಲಿ ಚಹಾದಂಗಡಿಯಿಂದ ಇಬ್ಬರು ತರುಣರು ಓಡಿ ಬಂದು, ‘ಬಿಡ್ರಿ ಅಕ್ಕಾರ, ನಾವ್ ಎತ್ತೀವಿ’ ಎನ್ನುತ್ತ ಎಡಕ್ಕೊಬ್ಬರು ಬಲಕ್ಕೊಬ್ಬರು ಕುರ್ಚಿಯ ತೋಳುಗಳನ್ನು ಹಿಡಿದು ಒಮ್ಮೆಲೇ ಮೇಲೆತ್ತಿದರು. ಮಡಚುವ ಕುರ್ಚಿಗಳಲ್ಲಿ ಆ ತೋಳುಗಳು ಬಹಳ ಸಲ ಕಳಚಿ ತೆಗೆಯುವಂತಿರುತ್ತವೆ. ಮಂಚದಿಂದ ಪಕ್ಕಕ್ಕೆ ಜರುಗಿ ಕೂರಲು ಅನುಕೂಲವಾಗಲೆಂದು ಹಾಗೆ ಮಾಡಿರುತ್ತಾರೆ. ಬಲಗಡೆಯ ತೋಳು ತನ್ನ ಕೊಳವೆಯಿಂದ ಕಳಚಿ ಆ ತರುಣನ ಕೈಗೆ ಬಂತು. ಎಡಗಡೆ ಮಾತ್ರ ಮೇಲೆದ್ದ ಕುರ್ಚಿ ವಾಲಿತು, ಅಪ್ಪಾಜಿ ಬಲಕ್ಕೆ ಜಾರಿದರು. ಸೊಂಟದ ಪಟ್ಟಿ ಕಟ್ಟಿದ್ದರಿಂದ ಪೂರ್ತಿ ನೆಲಕ್ಕೆ ಬೀಳಲಿಲ್ಲ, ಆದರೆ ಮೊಣಕೈ ಕಲ್ಲಿಗೆ ಉಜ್ಜಿ ರಕ್ತ ಬಂತು. ಆ ಹುಡುಗನ ಮುಖ ಬಿಳಿಚಿಕೊಂಡಿತ್ತು, ಕಳಚಿದ ತೋಳು ಇನ್ನೂ ಅವನ ಕೈಯಲ್ಲೇ ಇತ್ತು. ಅಪ್ಪಾಜಿಯೇ ಅವನಿಗೆ ಸಮಾಧಾನ ಹೇಳಿದರು. ತಮ್ಮಂದಿರಾ, ನೀವು ಅಂದು ಹೆಸರನ್ನೂ ಹೇಳದೆ, ತಲೆ ತಗ್ಗಿಸಿ ಹೊರಟುಹೋದಿರಿ. ನಿಮ್ಮ ಮೇಲೆ ನಮಗೆ ಎಳ್ಳಷ್ಟೂ ಬೇಸರವಿಲ್ಲ. ಇನ್ನು ಮುಂದೆ ಇಂಥ ಕುರ್ಚಿ ಕಂಡಾಗ ಹೆದರಿ ದೂರ ಉಳಿದುಬಿಡುತ್ತೀರೇನೋ ಎಂಬುದೊಂದೇ ನನ್ನ ಚಿಂತೆ.

ಗಾಲಿಕುರ್ಚಿಯನ್ನು ಹೊತ್ತುಕೊಂಡು ಹೋಗಬೇಕಾದ ಸಂದರ್ಭಗಳು ನಿಜವಾಗಿ ಬಹಳ ಕಡಿಮೆ. ಅದು ಉರುಳಲೆಂದು ಮಾಡಿದ ಸಾಧನ. ಒಂದು ಅಡ್ಡಿ ಎದುರಾದಾಗ ನಾವು ಮಾಡಬೇಕಾದದ್ದು ಭಾರವನ್ನು ಮುಂದಿನ ಪುಟ್ಟ ಗಾಲಿಗಳಿಂದ ಹಿಂದಿನ ದೊಡ್ಡ ಗಾಲಿಗಳಿಗೆ ದಾಟಿಸುವುದು. ಗಿರಣಿಯಲ್ಲಿ ಯಂತ್ರಗಳೊಡನೆ ಬದುಕಿದ ಅಪ್ಪಾಜಿ ಇದನ್ನು ನನಗೆ ಅಂಗಳದಲ್ಲಿ ಕೂತು ಅಳತೆಪಟ್ಟಿ ಹಿಡಿದು ತೋರಿಸಿದ್ದರು. ನಮ್ಮ ಕುರ್ಚಿಯ ಮುಂದಿನ ಗಾಲಿಗಳು 8 ಇಂಚಿನವು. ಎಂದರೆ ಅವುಗಳ ಅಚ್ಚು ನೆಲದಿಂದ 4 ಇಂಚು ಎತ್ತರದಲ್ಲಿದೆ. ಫುಟ್‌ಪಾತಿನ ಅಂಚು 6 ಇಂಚು. ತನ್ನ ಅಚ್ಚಿಗಿಂತ ಎತ್ತರದ ಕಲ್ಲನ್ನು ಯಾವ ಗಾಲಿಯೂ ನೂಕಿದ ಮಾತ್ರಕ್ಕೆ ಹತ್ತುವುದಿಲ್ಲ, ಎಷ್ಟು ಬಲ ಹಾಕಿದರೂ ಕಲ್ಲಿಗೆ ಒತ್ತಿಕೊಂಡು ನಿಲ್ಲುತ್ತದೆ, ಅಷ್ಟೆ. ಹಿಂದಿನ ಗಾಲಿಗಳು 24 ಇಂಚಿನವು, ಅವುಗಳ ಅಚ್ಚು 12 ಇಂಚು ಮೇಲಿದೆ. ಅದೇ ಕಲ್ಲನ್ನು ಅವು ಹತ್ತಬಲ್ಲವು. ‘ಸಣ್ಣ ಗಾಲಿ ದಾರಿ ತೋರ್ಸಾಕ, ದೊಡ್ಡ ಗಾಲಿ ಭಾರ ಹೊರಾಕ. ಸಣ್ಣದರ ಕೈಲಿ ದೊಡ್ಡದರ ಕೆಲಸ ಮಾಡಸಬ್ಯಾಡವ್ವ’ ಎಂದು ಅಪ್ಪಾಜಿ ಹೇಳುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಅರ್ಧ ಇಂಚು ಎದ್ದ ಚಪ್ಪಡಿಯ ಅಂಚಿಗೂ, ಗೋಲಿಯಷ್ಟು ಜಲ್ಲಿಗೂ ಕುರ್ಚಿ ಗಕ್ಕನೆ ನಿಂತುಬಿಡುವುದು ಆ ಸಣ್ಣ ಗಾಲಿಯಿಂದಲೇ. ಕುರ್ಚಿ ನಿಂತರೂ ಕೂತವರ ಮೈ ನಿಲ್ಲುವುದಿಲ್ಲ. ಹೊಟ್ಟೆಯ, ಬೆನ್ನಿನ ಸ್ನಾಯುಗಳಲ್ಲಿ ಹಿಡಿತವಿಲ್ಲದವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಾಗಾಗಿ ಕುರ್ಚಿ ತಳ್ಳುವವರ ಕಣ್ಣು ಸದಾ ಆ ಎರಡು ಪುಟ್ಟ ಗಾಲಿಗಳ ಮುಂದಿನ ಎರಡು ಮಾರು ನೆಲದ ಮೇಲಿರಬೇಕು.

ಫುಟ್‌ಪಾತ್ ಹತ್ತುವ ಬಗೆಯನ್ನು ಕೊಂಚ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಊರಿನಲ್ಲಿ ಹೆಚ್ಚಿನ ನೆರವು ಬೇಕಾಗುವುದು ಅಲ್ಲಿಯೇ. ಕುರ್ಚಿಯನ್ನು ಅಂಚಿಗೆ ನೇರವಾಗಿ ತಂದು ನಿಲ್ಲಿಸಬೇಕು. ಓರೆಯಾಗಿ ತಂದರೆ ಒಂದು ಗಾಲಿ ಮೊದಲು ಹತ್ತಿ ಕುರ್ಚಿ ಪಕ್ಕಕ್ಕೆ ಮಗುಚುವ ಅಪಾಯವಿದೆ. ಕೂತವರಿಗೆ ‘ಹಿಂದಕ್ಕೆ ಓರೆ ಮಾಡುತ್ತೇನೆ’ ಎಂದು ಬಾಯಿಬಿಟ್ಟು ಹೇಳಿ, ಅವರು ಹೂಂ ಅಂದ ಮೇಲೆ ಮುಂದುವರಿಯಬೇಕು. ಕುರ್ಚಿಯ ಹಿಂದೆ, ದೊಡ್ಡ ಗಾಲಿಗಳ ನಡುವೆ ಕೆಳಗಡೆ, ಚೌಕಟ್ಟಿನ ಕೊಳವೆಯ ತುದಿ ನಮ್ಮ ಕಾಲಿನತ್ತ ಚಾಚಿಕೊಂಡಿರುತ್ತದೆ. ಅದು ಅಲಂಕಾರಕ್ಕೆ ಉಳಿಸಿದ್ದಲ್ಲ, ಮೆಟ್ಟುವುದಕ್ಕೆಂದೇ ಇರುವುದು. ಅದರ ಮೇಲೆ ಪಾದವಿಟ್ಟು ಒತ್ತುತ್ತ, ಹಿಡಿಗಳನ್ನು ಕೆಳಕ್ಕೂ ತನ್ನ ಕಡೆಗೂ ಎಳೆದರೆ ಮುಂದಿನ ಗಾಲಿಗಳು ಸಲೀಸಾಗಿ ಏಳುತ್ತವೆ. ತೋಳಿನ ಬಲದಿಂದಲೇ ಎಬ್ಬಿಸಲು ಹೋದವರ ಸೊಂಟ ಹಿಡಿದುಕೊಳ್ಳುತ್ತದೆ. ಇದು ನನ್ನದೇ ಅನುಭವ. ಎದ್ದ ಗಾಲಿಗಳನ್ನು ಫುಟ್‌ಪಾತಿನ ಮೇಲೆ ಮೆಲ್ಲಗೆ ಇಳಿಸಿ, ಹಿಂದಿನ ಗಾಲಿಗಳು ಕಲ್ಲಿಗೆ ತಗಲುವವರೆಗೆ ಮುಂದೆ ತಂದು, ಮೊಣಕಾಲು ಬಗ್ಗಿಸಿ, ತೊಡೆಯನ್ನು ಕುರ್ಚಿಯ ಬೆನ್ನಿಗೆ ಒತ್ತುಕೊಟ್ಟು ಒಂದೇ ಸಮನೆ ಮುಂದಕ್ಕೆ ನೂಕಿದರೆ ಎರಡು ದೊಡ್ಡ ಗಾಲಿಗಳೂ ಒಟ್ಟಿಗೆ ಉರುಳಿ ಮೇಲೇರುತ್ತವೆ. ಪಕ್ಕದಲ್ಲಿ ನಿಂತವರು ನೆರವಾಗಬೇಕಿದ್ದರೆ ಈ ಕೊನೆಯ ಗಳಿಗೆಯಲ್ಲಿ ಆಗಬೇಕು: ಕುರ್ಚಿಯ ಮುಂಭಾಗದಲ್ಲಿ, ಆಸನದ ಕೆಳಗೆ ಬೆಸುಗೆ ಹಾಕಿದ ಗಟ್ಟಿ ಚೌಕಟ್ಟಿನ ಕೊಳವೆಯನ್ನು ಹಿಡಿದು, ತಳ್ಳುವವರ ಎಣಿಕೆಗೆ ಸರಿಯಾಗಿ ಮುಂದಕ್ಕೆ ಎಳೆಯಬೇಕು. ತೋಳು, ಪಾದದ ಹಲಗೆ, ಗಾಲಿ ಈ ಮೂರನ್ನು ಯಾವ ಕಾರಣಕ್ಕೂ ಹಿಡಿಯಬಾರದು. ಮೊದಲಿನ ಎರಡು ಕಳಚುತ್ತವೆ, ಮೂರನೆಯದು ತಿರುಗುತ್ತದೆ.

ಇಳಿಯುವಾಗ ಆಗುವ ತಪ್ಪು ಇದಕ್ಕಿಂತ ದೊಡ್ಡದು. ನಾವು ನಡೆಯುವಾಗ ಮುಂದೆ ನೋಡಿಕೊಂಡು ಇಳಿಯುವವರಾದ್ದರಿಂದ ಕುರ್ಚಿಯನ್ನೂ ಹಾಗೆಯೇ ಇಳಿಸಲು ಹೋಗುತ್ತೇವೆ. ಮುಂದಿನ ಗಾಲಿ ಅಂಚಿನಿಂದ ಕೆಳಗೆ ಬಿದ್ದೊಡನೆ ಕೂತವರು ನೇರ ರಸ್ತೆಗೆ ಬೀಳುತ್ತಾರೆ. ಪಳಗದ ಕೈಗಳಿಗೆ ಕ್ಷೇಮವಾದ ದಾರಿ ಕುರ್ಚಿಯನ್ನು ತಿರುಗಿಸಿಕೊಂಡು ಬೆನ್ನು ಮುಂದಾಗಿ ಇಳಿಸುವುದು. ಆಗ ತಳ್ಳುವವರ ಬೆನ್ನೂ ರಸ್ತೆಯ ಕಡೆಗಿರುತ್ತದೆ. ಹೊರಳಿ ನೋಡಿ, ವಾಹನವಿಲ್ಲವೆಂದು ಖಚಿತಪಡಿಸಿಕೊಂಡು, ಮೊದಲು ತಾವು ರಸ್ತೆಗೆ ಇಳಿದು ನಿಂತು, ಎರಡೂ ದೊಡ್ಡ ಗಾಲಿಗಳನ್ನು ಸಮನಾಗಿ ಅಂಚಿಗೆ ತಂದು, ಸೊಂಟದಿಂದ ಆನಿಸಿಕೊಂಡು ನಿಧಾನವಾಗಿ ಉರುಳಿಸಬೇಕು. ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಕುರ್ಚಿಯನ್ನು ಸ್ವಲ್ಪ ಓರೆಯಲ್ಲಿಯೇ ಹಿಡಿದು ಹಿಂದೆ ಹಿಂದೆ ಬಂದು, ಪಾದದ ಹಲಗೆ ಕಲ್ಲಿನ ಅಂಚನ್ನು ಪೂರ್ತಿ ದಾಟಿದ ಮೇಲೆಯೇ ಮುಂದಿನ ಗಾಲಿಗಳನ್ನು ನೆಲಕ್ಕೆ ಇಳಿಸಬೇಕು. ನೆರವಿಗೆ ನಿಂತವರು ಇಲ್ಲಿ ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ಕುರ್ಚಿಗೆ ಕೈ ಹಾಕದೆ, ರಸ್ತೆಯ ಕಡೆ ತಿರುಗಿ ನಿಂತು, ಬರುವ ಆಟೋ, ಬೈಕುಗಳಿಗೆ ಕೈ ಅಡ್ಡ ಹಿಡಿಯುವುದು.

ಪಾದದ ಹಲಗೆಯ ಮಾತು ಬಂದಾಗ ಒಂದು ಸಂಗತಿಯನ್ನು ಹೇಳಲೇಬೇಕು. ಮೊದಲ ವರ್ಷ, ಮಂಡಿಪೇಟೆಯಿಂದ ಮನೆಗೆ ಬರುತ್ತಿದ್ದಾಗ ಯಾವುದೋ ಗುಂಡಿಯ ಕುಲುಕಿಗೆ ಅಪ್ಪಾಜಿಯ ಬಲಗಾಲು ಹಲಗೆಯಿಂದ ಹಿಂದಕ್ಕೆ ಜಾರಿ ನೆಲಕ್ಕೆ ತಗಲಿಕೊಂಡು ಎಳೆದುಕೊಂಡೇ ಬಂದಿತ್ತು. ಹಿಂದಿನಿಂದ ನನಗೆ ಕಾಣಲಿಲ್ಲ, ಅವರಿಗೆ ತಿಳಿಯಲಿಲ್ಲ. ಮನೆಯ ಮುಂದೆ ಬಂದು ಕಾಲಿಗೆ ನೀರು ಹಾಕಲು ಬಗ್ಗಿದಾಗ ಕಂಡದ್ದು: ಪಂಚೆಯ ಅಂಚೆಲ್ಲ ಕೆಂಪಾಗಿತ್ತು, ಹೆಬ್ಬೆರಳಿನ ಮೇಲಿನ ಚರ್ಮ ಕಾಲಾಣೆಯಷ್ಟಗಲ ಉಜ್ಜಿ ಹೋಗಿತ್ತು. ಆ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಸ್ಪರ್ಶವಿಲ್ಲದ ಅಂಗಕ್ಕೆ ಆದ ಗಾಯ ನೋವಿನಿಂದ ಎಚ್ಚರಿಸುವುದಿಲ್ಲ, ಎಚ್ಚರಿಸಬೇಕಾದವರು ಸುತ್ತಲಿನವರು. ದಯವಿಟ್ಟು, ರಸ್ತೆಯಲ್ಲಿ ಯಾವುದೇ ಗಾಲಿಕುರ್ಚಿ ಎದುರಾದಾಗ ಕೂತವರ ಪಾದಗಳನ್ನು ಒಮ್ಮೆ ನೋಡಿ. ಪಾದ ಜಾರಿದ್ದರೆ, ಪಂಚೆಯ ಚುಂಗೋ ಸೀರೆಯ ಸೆರಗೋ ಗಾಲಿಯ ಕಡ್ಡಿಗಳತ್ತ ಇಳಿಬಿದ್ದಿದ್ದರೆ ಕೂಗಿ ಹೇಳಿ. ಎದುರಿನಿಂದ ಬರುವವರಿಗೆ ಅದು ಕಾಣುತ್ತದೆ, ಹಿಂದಿರುವ ನಮಗೆ ಕಾಣುವುದಿಲ್ಲ.

ಕೇಳದೆ ಕುರ್ಚಿಯನ್ನು ತಳ್ಳಬಾರದೆಂದು ಹೇಳುವುದು ಬರಿಯ ಮರ್ಯಾದೆಯ ಮಾತೆಂದು ಹಲವರು ಭಾವಿಸಿದ್ದಾರೆ. ಅದು ಸುರಕ್ಷತೆಯ ಮಾತೂ ಹೌದು. ಕುರ್ಚಿಯನ್ನು ತಾವೇ ನಡೆಸುವವರ ಬೆರಳುಗಳು ಗಾಲಿಯ ಹೊರಬಳೆಯ ಮೇಲಿರುತ್ತವೆ. ಹಿಂದಿನಿಂದ ಯಾರೋ ಒಮ್ಮೆಲೇ ನೂಕಿದರೆ ಹೆಬ್ಬೆರಳು ಕಡ್ಡಿಗೂ ಬ್ರೇಕಿಗೂ ನಡುವೆ ಸಿಕ್ಕಿಕೊಳ್ಳಬಹುದು. ಒಬ್ಬೊಬ್ಬರ ಮೈಯ ತೂಕ, ವಾಲುವ ಬಗೆ, ಕುಲುಕಿದಾಗ ಕಾಲು ತಾನಾಗಿ ಸೆಟೆಯುವ ರೀತಿ ಬೇರೆ ಬೇರೆ. ತಮ್ಮ ಕುರ್ಚಿ ಯಾವ ಕಡೆಗೆ ಎಳೆಯುತ್ತದೆ, ಎಲ್ಲಿ ಹಿಡಿದರೆ ಸರಿ ಎಂಬುದು ಕೂತವರಿಗೇ ಚೆನ್ನಾಗಿ ಗೊತ್ತು. ‘ನೆರವು ಬೇಕೇನ್ರೀ? ಎಲ್ಲಿ ಹಿಡಿಯಬೇಕು?’ ಎಂಬ ಎರಡು ಪ್ರಶ್ನೆ ಸಾಕು. ಅವುಗಳನ್ನು ತಳ್ಳುವವರನ್ನು ಬಿಟ್ಟು ಕೂತವರನ್ನೇ ಕೇಳಿ. ‘ಅಜ್ಜಾರಿಗೆ ಏನಾಗೈತ್ರೀ?’ ಎಂದು ಅಪ್ಪಾಜಿಯ ತಲೆಯ ಮೇಲಿಂದ ನನ್ನನ್ನು ಕೇಳುವವರಿಗೆ ಅವರು ತಾವೇ ಉತ್ತರ ಕೊಡುತ್ತಾರೆ. ಕೊಡಬೇಕಾಗಿ ಬರುವುದು ಅವರಿಗೆ ನೋವು.

ಇಳಿಜಾರುಗಳ ವಿಷಯಕ್ಕೆ ಬರುತ್ತೇನೆ. ಹತ್ತುವಾಗ ಕುರ್ಚಿಯ ಮುಖ ಮೇಲಕ್ಕಿರಲಿ; ಕೂತವರು ಸಾಧ್ಯವಾದಷ್ಟು ಮುಂದಕ್ಕೆ ಬಾಗಲಿ; ಹಿಡಿಗಳಿಗೆ ತರಕಾರಿ ಚೀಲ ನೇತುಹಾಕಿದ್ದರೆ ತೆಗೆದುಬಿಡಿ, ಏಕೆಂದರೆ ಐದಾರು ಕಿಲೋ ಚೀಲವೂ ಏರಿನಲ್ಲಿ ಕುರ್ಚಿಯನ್ನು ಹಿಂದಕ್ಕೆ ಮಗುಚಲು ಸಾಕಾಗಬಹುದು. ಕಡಿದಾದ ಇಳಿಜಾರಿನಲ್ಲಿ ಇಳಿಯುವಾಗ ಮತ್ತೆ ಬೆನ್ನು ಮುಂದಾಗಿಯೇ ಇಳಿಯಬೇಕು, ತಳ್ಳುವವರು ಕೆಳಗಿನ ಕಡೆ ನಿಂತು ತಮ್ಮ ಮೈಯನ್ನೇ ತಡೆಯಾಗಿಸಿಕೊಳ್ಳಬೇಕು. ಬ್ರೇಕ್ ಹಾಕುತ್ತ ಇಳಿಸುತ್ತೇನೆಂದು ಹೊರಡಬೇಡಿ. ಈ ಕುರ್ಚಿಗಳ ಬ್ರೇಕ್ ನಿಂತ ಕುರ್ಚಿಯನ್ನು ನಿಲ್ಲಿಸಿಡಲು ಇರುವುದು, ಓಡುವ ಕುರ್ಚಿಯ ವೇಗ ತಗ್ಗಿಸಲು ಅಲ್ಲ; ಓಡುವಾಗ ಒಂದು ಕಡೆ ಹಿಡಿದು ಇನ್ನೊಂದು ಕಡೆ ಹಿಡಿಯದಿದ್ದರೆ ಕುರ್ಚಿ ಗಿರ್ರನೆ ತಿರುಗುತ್ತದೆ. ಟೈರಿನ ಮೇಲೆ ಒಂದು ಕಬ್ಬಿಣದ ತುಂಡು ಒತ್ತಿ ಹಿಡಿಯುವುದೇ ಈ ಬ್ರೇಕಿನ ಕೆಲಸವಾದ್ದರಿಂದ, ಗಾಳಿ ತುಂಬುವ ಟೈರುಗಳಲ್ಲಿ ಗಾಳಿ ಇಳಿದಿದ್ದರೆ ಬ್ರೇಕ್ ಹಾಕಿದ್ದರೂ ಕುರ್ಚಿ ಜಾರುತ್ತದೆ. ಮನೆಯಲ್ಲಿ ಇಂಥ ಕುರ್ಚಿ ಇರುವವರೆಲ್ಲ ವಾರಕ್ಕೊಮ್ಮೆ ಹೆಬ್ಬೆರಳಿನಿಂದ ಟೈರು ಒತ್ತಿ ನೋಡುವ ರೂಢಿ ಇಟ್ಟುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ಸೈಕಲ್ ಶಾಪಿನ ಪಂಪಿನಲ್ಲಿಯೇ ಗಾಳಿ ತುಂಬಬಹುದು. ಇನ್ನು, ಮಳೆನೀರು ಹರಿದು ಹೋಗಲೆಂದು ನಮ್ಮ ರಸ್ತೆಗಳೆಲ್ಲ ನಡುವೆ ಉಬ್ಬಿ ಬದಿಗೆ ಇಳಿದಿರುತ್ತವೆ. ನಡೆಯುವವರಿಗೆ ಅದು ಅರಿವಿಗೇ ಬರುವುದಿಲ್ಲ. ಕುರ್ಚಿ ಮಾತ್ರ ಹೆಜ್ಜೆ ಹೆಜ್ಜೆಗೂ ಚರಂಡಿಯ ಕಡೆಗೆ ಎಳೆಯುತ್ತದೆ. ‘ಬದಿಗೆ ಹೋಗ್ರೀ’ ಎಂದು ಹಿಂದಿನಿಂದ ಹಾರ್ನ್ ಹಾಕುವ ಬೈಕ್ ಸವಾರರು ಇದೊಂದನ್ನು ತಿಳಿದಿರಬೇಕು: ಬದಿಗೆ ಹೋದಷ್ಟೂ ಆ ಎಳೆತ ಹೆಚ್ಚು.

ಚರಂಡಿಯ ಮೇಲಿನ ಕಬ್ಬಿಣದ ಜಾಲರಿ ಚಿಕ್ಕದಾಗಿ ಕಂಡರೂ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಜಾಗ. ಅದರ ಸರಳುಗಳು ನಾವು ಹೋಗುವ ದಿಕ್ಕಿಗೇ ಇದ್ದರೆ ಪುಟ್ಟ ಗಾಲಿ ಎರಡು ಸರಳಿನ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ. ಅಡ್ಡಲಾಗಿದ್ದು ಸಂದು ಬೆರಳಗಲಕ್ಕಿಂತ ಕಿರಿದಾಗಿದ್ದರೆ ತೊಂದರೆಯಿಲ್ಲ. ಇಲ್ಲವಾದರೆ ಮುಂದಿನ ಗಾಲಿಗಳನ್ನು ಎತ್ತಿ ಹಿಡಿದು ದೊಡ್ಡ ಗಾಲಿಗಳ ಮೇಲೆಯೇ ದಾಟಿಸಬೇಕು. ರೈಲ್ವೆ ಗೇಟಿನಲ್ಲಿಯೂ ಇದೇ ಕ್ರಮ. ರೈಲಿನ ಗಾಲಿಯ ಏಣು ಓಡಾಡಲೆಂದು ಹಳಿಯ ಪಕ್ಕದಲ್ಲಿ ಬಿಟ್ಟಿರುವ ಸಂದು ನಮ್ಮ ಪುಟ್ಟ ಗಾಲಿಯ ಅಗಲಕ್ಕೆ ಅಳೆದಂತಿರುತ್ತದೆ. ರಸ್ತೆ ಹಳಿಯನ್ನು ಓರೆಯಾಗಿ ಕತ್ತರಿಸಿದ್ದರೂ ಕುರ್ಚಿಯನ್ನು ಹಳಿಗೆ ನೇರವಾಗಿ ತಿರುಗಿಸಿಕೊಂಡು ದಾಟಬೇಕು, ಗೇಟು ತೆರೆದೊಡನೆ ಎರಡೂ ಕಡೆಯಿಂದ ನುಗ್ಗುವ ವಾಹನಗಳ ಮೊದಲ ಗುಂಪು ಕರಗುವವರೆಗೆ ಕಾಯಬೇಕು. ಹಾಗೆ ಕಾಯುತ್ತಿರುವ ಕುರ್ಚಿ ಕಂಡರೆ ನಿಮ್ಮ ವಾಹನವನ್ನು ಅದರ ಪಕ್ಕಕ್ಕೆ ಒತ್ತರಿಸಬೇಡಿ, ನೇರವಾಗಿ ತಿರುಗಿಕೊಳ್ಳಲು ಅದಕ್ಕೆ ಜಾಗ ಬೇಕು. ಜಲ್ಲಿ, ಎಂ-ಸ್ಯಾಂಡ್, ಕೆಸರು ಬಂದರೆ ಕುರ್ಚಿಯನ್ನು ತಿರುಗಿಸಿ ಹಿಂದುಮುಂದಾಗಿ ಎಳೆದೊಯ್ಯುವುದು ಸುಲಭ.

ಮೆಟ್ಟಿಲುಗಳೇ ಇದ್ದಲ್ಲಿ ಮಾತ್ರ ಇಬ್ಬರು ಬೇಕು, ಗಟ್ಟಿಮುಟ್ಟಾದವರು. ಮೊನ್ನೆ ದಸರೆಯಲ್ಲಿ ಅಪ್ಪಾಜಿ ಬೆಣ್ಣೆದೋಸೆ ತಿನ್ನಬೇಕೆಂದು ಆಸೆಪಟ್ಟು ಹೋದ ಹೋಟೆಲಿಗೆ ಮೂರು ಮೆಟ್ಟಿಲಿದ್ದವು. ಅಡುಗೆಮನೆಯಿಂದ ನಾಲ್ವರು ಹೊರಬಂದು, ಕಲ್ಯಾಣಮಂಟಪದಲ್ಲಿ ವರನನ್ನು ಎತ್ತುವಂತೆ ನಾಲ್ಕು ಮೂಲೆ ಹಿಡಿದು ಎತ್ತಲು ಸಿದ್ಧರಾದರು. ಅಪ್ಪಾಜಿ ಕೈ ಮುಗಿದು ತಡೆದು, ಇಬ್ಬರೇ ಸಾಕೆಂದು ಹೇಳಿ, ಕೂತಲ್ಲಿಂದಲೇ ಅವರಿಗೆ ಕಲಿಸಿದರು: ಕುರ್ಚಿಯ ಬೆನ್ನು ಮೆಟ್ಟಿಲಿನ ಕಡೆಗಿರಲಿ; ಬಲಶಾಲಿಯಾದವರು ಮೇಲೆ ನಿಂತು ಹಿಡಿಗಳನ್ನು ಹಿಡಿಯಲಿ, ಹಿಡಿಗಳ ರಬ್ಬರು ಕಳಚಿ ಬರುವುದಿಲ್ಲವೆಂದು ಮೊದಲು ಎಳೆದು ನೋಡಲಿ; ಇನ್ನೊಬ್ಬರು ಕೆಳಗೆ ಮುಂಭಾಗದ ಚೌಕಟ್ಟು ಹಿಡಿಯಲಿ; ಕುರ್ಚಿ ಓರೆಯಾಗಿ ಸಮತೋಲಕ್ಕೆ ಬಂದ ಮೇಲೆ ‘ಒಂದು, ಎರಡು, ಮೂರು’ ಎಂದು ಒಬ್ಬರೇ ಎಣಿಸಲಿ; ಒಂದು ಎಣಿಕೆಗೆ ಒಂದೇ ಮೆಟ್ಟಿಲು ಉರುಳಿಸಿ, ನಿಂತು, ಉಸಿರೆಳೆದುಕೊಂಡು ಮುಂದಿನದು. ಇಳಿಯುವಾಗ ಅದೇ ಓರೆಯಲ್ಲಿ ಮುಖ ಮುಂದಾಗಿ. ಎಂದರೆ ಮೆಟ್ಟಿಲಿನಲ್ಲಿ ಹತ್ತಲಿ, ಇಳಿಯಲಿ, ಕೂತವರ ಮುಖ ಕೆಳಗಡೆಗೇ ಇರುತ್ತದೆ. ಕಡಿದಾದ ಇಳಿಜಾರಿನಲ್ಲಿ ಹತ್ತಲಿ, ಇಳಿಯಲಿ, ಮೇಲ್ಗಡೆಗೇ ಇರುತ್ತದೆ. ಅಪ್ಪಾಜಿಯದು 68 ಕಿಲೋ, ಕುರ್ಚಿಯದು 18 ಕಿಲೋ. ಆ 86 ಕಿಲೋದಲ್ಲಿ ಹೆಚ್ಚಿನದನ್ನು ಹೊರುವುದು ಗಾಲಿಗಳು, ಮನುಷ್ಯರಲ್ಲ. ಅಡುಗೆಯವರಲ್ಲಿ ಹಿರಿಯರೊಬ್ಬರು ಮೂರನೆಯ ಮೆಟ್ಟಿಲು ಹತ್ತಿಸಿ, ‘ಇಷ್ಟು ಹಗುರ ಐತೇನ್ರೀ!’ ಎಂದು ಬೆರಗಾದರು. ಮೆಟ್ಟಿಲು ಒದ್ದೆಯಾಗಿದ್ದರೆ, ಕಿರಿದಾಗಿದ್ದರೆ, ಹಿಡಿಯುವವರಿಗೆ ಬೆನ್ನುನೋವಿದ್ದರೆ ಬೇಡವೆನ್ನಲು ಸಂಕೋಚಪಡಬೇಡಿ. ಅರ್ಧ ದಾರಿಯಲ್ಲಿ ಕೈಬಿಡುವುದಕ್ಕಿಂತ ದೋಸೆಯನ್ನು ಹೊರಗೆ ತಂದುಕೊಡುವುದು ಎಷ್ಟೋ ಮೇಲು.

ಅಂಗಡಿ ಮಾಲೀಕರಲ್ಲಿ ಮತ್ತು ಮನೆ ಕಟ್ಟಿಸುವವರಲ್ಲಿ ನನ್ನ ಬಿನ್ನಹ ಬೇರೆ ಇದೆ. ಊರಿನಲ್ಲಿ ಈಗ ಹಲವು ಕಡೆ ‘ರ‍್ಯಾಂಪ್’ ಎಂದು ಕರೆಯುವ ಸಿಮೆಂಟಿನ ಇಳಿಜಾರುಗಳಿವೆ. ಅವುಗಳಲ್ಲಿ ಹೆಚ್ಚಿನವು ಬೈಕನ್ನು ಒಳಗೆ ಹತ್ತಿಸಲು ಮಾಡಿದವು. ಇಂಜಿನ್ನಿರುವ ಬೈಕು ಹತ್ತುವ ಇಳಿಜಾರನ್ನು ಗಾಲಿಕುರ್ಚಿ ಹತ್ತಲಾರದು, ಇಳಿಯುವುದಂತೂ ಪ್ರಾಣಾಪಾಯ. ಕುರ್ಚಿಗೆ ಬೇಕಾದ ಅಳತೆ 1:12. ಎಂದರೆ 6 ಇಂಚಿನ ಒಂದು ಮೆಟ್ಟಿಲಿಗೆ 6 ಅಡಿ ಉದ್ದ, ಎರಡು ಮೆಟ್ಟಿಲಿಗೆ 12 ಅಡಿ. ಅಗಲ ಕನಿಷ್ಠ 1.2 ಮೀಟರ್. ಇದು ನಾನು ಕಟ್ಟಿ ಹೇಳಿದ ಲೆಕ್ಕವಲ್ಲ, ಕೇಂದ್ರ ಸರ್ಕಾರ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿಯೂ ಇದೇ ಇದೆ. ಅಷ್ಟು ಉದ್ದಕ್ಕೆ ಜಾಗವಿಲ್ಲದಿದ್ದರೆ ಫುಟ್‌ಪಾತಿನ ಮೇಲೆ ಸಿಮೆಂಟು ಚಾಚಬೇಡಿ. ಅದು ನಿಮ್ಮ ಅಂಗಡಿಗೆ ದಾರಿ ಮಾಡಿ ಮುಂದಿನ ಹತ್ತು ಅಂಗಡಿಗಳಿಗೆ ದಾರಿ ಮುಚ್ಚುತ್ತದೆ. ಅಂಚುಪಟ್ಟಿ ಇರುವ, ಮಡಚಿ ಒಳಗಿಡಬಹುದಾದ ಗಟ್ಟಿ ಹಲಗೆಯೊಂದನ್ನು ಮಾಡಿಸಿಟ್ಟು, ಬೇಕಾದಾಗ ಹಾಕಿ, ಆದ ಮೇಲೆ ತೆಗೆಯಿರಿ. ಇರುವ ಇಳಿಜಾರಿನ ಬುಡದಲ್ಲಿ ಬೈಕ್ ನಿಲ್ಲಿಸದಂತೆ ನೋಡಿಕೊಂಡರೆ ಅದೇ ಅರ್ಧ ಕೆಲಸ. ಬೈಕುಗಳು ಫುಟ್‌ಪಾತ್ ಏರದಿರಲೆಂದು ನೆಡುವ ಕಂಬಗಳ ನಡುವೆ 90 ಸೆಂಟಿಮೀಟರ್ ಆದರೂ ಬಿಡಿ. ನಮ್ಮ ಕುರ್ಚಿ 26 ಇಂಚು ಅಗಲವಿದೆ, ಅದರ ಆಚೀಚೆ ಕೂತವರ ಮೊಣಕೈಗಳಿವೆ.

ತಮ್ಮ ಬೀದಿಯಲ್ಲಿ ತಾವೇ ದುಡ್ಡು ಹಾಕಿ ಉಬ್ಬು ಕಟ್ಟಿಸುವವರಿಗೂ ಒಂದು ಮಾತು. ದೇಶದ ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ ರಸ್ತೆ ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಆ ಅಳತೆಯ ಉಬ್ಬನ್ನು ಕುರ್ಚಿ ಓರೆ ಮಾಡದೆಯೇ ದಾಟಿಸಬಹುದು. ಮೊಳದಗಲಕ್ಕೆ ಗೇಣೆತ್ತರ ಎಬ್ಬಿಸಿದ ಗಾರೆಯ ದಿಂಡು ವಾಹನಕ್ಕೆ ಕ್ಷಣದ ಕುಲುಕು, ನಮಗೆ ಎರಡು ಫುಟ್‌ಪಾತ್ ಹತ್ತಿ ಇಳಿದಷ್ಟು ಕೆಲಸ. ಮಕ್ಕಳ ಸುರಕ್ಷತೆಗಾಗಿ ನೀವು ಅದನ್ನು ಕಟ್ಟಿಸಿದ್ದೀರಿ, ನಿಜ. ಸರಿಯಾದ ಅಳತೆಯ ಉಬ್ಬಿನಿಂದಲೂ ವಾಹನಗಳ ವೇಗ ತಗ್ಗುತ್ತದೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಗುತ್ತಿಗೆದಾರರು ‘ಇದೆಲ್ಲ ಎಲ್ಲಿ ಬರೆದಿದೆ?’ ಎಂದು ನನ್ನನ್ನು ಕೇಳಿದ್ದುಂಟು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 44ನೆಯ ಕಲಮಿನಂತೆ, ಸುಗಮ ಪ್ರವೇಶದ ಮಾನದಂಡ ಪಾಲಿಸದ ಕಟ್ಟಡಕ್ಕೆ ಕಟ್ಟುವ ಅನುಮತಿಯನ್ನಾಗಲಿ ಪೂರ್ಣಗೊಂಡ ಪ್ರಮಾಣಪತ್ರವನ್ನಾಗಲಿ ಕೊಡುವಂತಿಲ್ಲ. 45ನೆಯ ಕಲಮು ಆಗಲೇ ಇದ್ದ ಸಾರ್ವಜನಿಕ ಕಟ್ಟಡಗಳಿಗೆ, ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷಗಳ ಗಡುವು ಕೊಟ್ಟಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಈ ಮಾನದಂಡಗಳನ್ನು ಬರಿಯ ಸಲಹೆಯಂತೆ ಇಟ್ಟಿದ್ದ ನಿಯಮವನ್ನು ಅಸಿಂಧುವೆಂದು ಹೇಳಿ, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಪಾದಚಾರಿ ಮಾರ್ಗದಲ್ಲಿ ಯಾವ ಅಡ್ಡಿಯೂ ಇಲ್ಲದ 1.8 ಮೀಟರ್ ಅಗಲ ಇರಬೇಕು, ಅಂಚು 15 ಸೆಂಟಿಮೀಟರ್ ಮೀರಬಾರದು ಎಂಬ ಮಾನದಂಡ 2012ರಿಂದಲೂ ಇದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿಯೇ ದಾವಣಗೆರೆಯ ಹೆಸರು ಬಂದಾಗ ಅಪ್ಪಾಜಿ ಇನ್ನೂ ನಡೆಯುತ್ತಿದ್ದರು, ಪೇಟೆಗೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ಅಂಚಿನ ಕಲ್ಲು ಎಷ್ಟು ಎತ್ತರವಿರಬೇಕೆಂದು ಅಂದು ನಾನು ಯೋಚಿಸಿದವಳೇ ಅಲ್ಲ. ಹೀಗಿರುವಾಗ ಇಂದು ಯೋಚಿಸದವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ, ಅವರಿಗೆ ತಿಳಿಸುವ ಹೊಣೆ ಇದೆ.

ನಮ್ಮದು ಕಾಲೇಜುಗಳ ಊರು, ವೈದ್ಯಕೀಯ ವಿದ್ಯಾರ್ಥಿಗಳು ತುಂಬಿರುವ ಊರು. ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಿ.ಆರ್.ಸಿ. ಕೇಂದ್ರವೂ ಇಲ್ಲಿಯೇ ಇದೆ. ಎನ್.ಎಸ್.ಎಸ್. ಶಿಬಿರಗಳಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಟ್ಟು, ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಕೂರಿಸಿಕೊಂಡು ಒಂದು ಫುಟ್‌ಪಾತ್ ಹತ್ತಿ ಇಳಿಯುವುದನ್ನು ಕಲಿತರೆ ಸಾಕು. ತಳ್ಳುವುದನ್ನು ಕಲಿಯುವ ಮುನ್ನ ಪ್ರತಿಯೊಬ್ಬರೂ ಕೂತು ನೋಡಬೇಕು. ಹಿಂದಕ್ಕೆ ಓರೆಯಾದಾಗ ಹೊಟ್ಟೆಯಲ್ಲಿ ಏಳುವ ಅಳುಕು ಎಂಥದ್ದೆಂದು ತಿಳಿದವರು ಮುಂದೆಂದೂ ಹೇಳದೆ ಕೇಳದೆ ಯಾರನ್ನೂ ಓರೆ ಮಾಡುವುದಿಲ್ಲ.

ಕುಂದವಾಡ ಕೆರೆಯ ಏರಿಗೆ ನಾನು ಮತ್ತು ಅಪ್ಪಾಜಿ ಭಾನುವಾರಗಳಂದು ಬೆಳಿಗ್ಗೆ ಬರುತ್ತೇವೆ. ಅಲ್ಲಿ ಅವರು ಕಲ್ಲುಬೆಂಚಿಗೆ ಜರುಗಿ ಕೂತು ಬಿಸಿಲು ಕಾಯಿಸಿಕೊಳ್ಳುವ ಅರ್ಧ ಗಂಟೆ ಕುರ್ಚಿ ಖಾಲಿ ಇರುತ್ತದೆ. ಕಲಿಯಬೇಕೆನ್ನುವವರು ಯಾರೇ ಬಂದು ಕೇಳಿದರೂ ಅಪ್ಪಾಜಿ ಸಂತೋಷದಿಂದ ಹೇಳಿಕೊಡುತ್ತಾರೆ. ಅಂದು ಚಹಾದ ಲೋಟ ಬಿಟ್ಟು ಓಡಿ ಬಂದ ತಮ್ಮಂದಿರು ಈ ಪತ್ರ ಓದಿದ್ದರೆ ದಯವಿಟ್ಟು ಬನ್ನಿ. ಕಳಚಿದ ಆ ತೋಳಿಗೆ ಅಪ್ಪಾಜಿ ಮರುದಿನವೇ ಹೊಸ ಪಿನ್ನು ಕೂರಿಸಿದ್ದಾರೆ. ಅದನ್ನು ನಿಮಗೆ ತೋರಿಸಬೇಕಂತೆ.

ಇಂತಿ,
ಅಪ್ಪನ ಕುರ್ಚಿ ತಳ್ಳುವ ಮಗಳು
ದಾವಣಗೆರೆ